ಫಕೀರವ್ವನ ಹೊಸ ಗಂಟಲು

ತಮ್ಮನ ಹೆಣದ ಮುಂದೆ ಕುಳಿತಿದ್ದ ಫಕೀರವ್ವ, "ನಿದ್ದಿ ಮಾಡಿದಂಗ ಮಲಗ್ಯಾನಲ್ಲವ್ವಾ..." ಎಂದು ಅತ್ತಳು. ಅವಳ ಕೊರಳಿನ ಕೃತಕ ಗಂಟಲು ಅದೇ ಧ್ವನಿಯಲ್ಲಿ ಮುಂದುವರಿಸಿತು: "ಸುಖನಿದ್ರೆಗೆ ಮೃದುಲ ಹಾಸಿಗೆ! ಇಂದೇ ಕೊಳ್ಳಿರಿ!"

ಮರುದಿನ ಆಕೆ ಗದಗಿನ ಧ್ವನಿ ದುರಸ್ತಿ ಕೇಂದ್ರಕ್ಕೆ ಬಂದು ತಂತ್ರಜ್ಞ ಶಾಂತವೀರನ ಎದುರು ಕುಳಿತಳು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರಿಗಾಗಿ ಬಂದ ಸಾಧನ ಆ ಕೃತಕ ಗಂಟಲು. ಕೊರಳ ಸ್ನಾಯುಗಳ ಮಿಡಿತವನ್ನು ಮಾತಾಗಿಸುವ ತಂತ್ರಾಂಶ ಪುಕ್ಕಟೆಯಾಗಿಯೇ ಸಿಗುತ್ತಿತ್ತು.

"ಈ ತಂತ್ರಾಂಶ ಎಲ್ಲಿ ಹಾಕಿಸಿದ್ರಿ, ಅವ್ವಾರ?"

"ಮೊನ್ನೆ, ಮೊಬೈಲ್ ಅಂಗಡ್ಯಾಗ. 'ಮುಂದೆ, ಮುಂದೆ' ಅಂತ ಬಂತು, ಒತ್ತಿದೆ. ಮೂರು ತಿಂಗಳು ಮೂಕಿ ಆಗಿದ್ದೆ ಯಪ್ಪಾ, ಓದಕೋತ ಕುಂದರತಿದ್ದೆನೇನು?"

ಶಾಂತವೀರ ಪರದೆ ತೋರಿಸಿದ. ಪ್ರತಿ ಪುಟದ ಕೆಳಗೂ ಮೊದಲೇ ಗುರುತು ಹಾಕಿದ್ದ ಪುಟ್ಟ ಚೌಕ. ತಯಾರಕರ ತಾಣದಿಂದಲೇ ಇಳಿಸಿಕೊಂಡು, ಆ ಗುರುತುಗಳನ್ನು ತೆಗೆದಿದ್ದರೆ 'ಹಿಂಬಾಲಕ' ಎಂಬ ಹೆಚ್ಚುವರಿ ತಂತ್ರಾಂಶ ಒಳಗೆ ಬರುತ್ತಿರಲಿಲ್ಲ. ಆಡಿದ ಮಾತನ್ನು ಆಲಿಸಿ, ಅದಕ್ಕೆ ಹೊಂದುವ ಜಾಹೀರಾತನ್ನು ಅದೇ ದನಿಯಲ್ಲಿ ಸೇರಿಸುವುದು ಅದರ ಕೆಲಸ. ಈಗ ಅದನ್ನು ಕೀಳಹೋದರೆ ಮಾತೇ ಹೋಗುವ ಅಪಾಯವಿತ್ತು. ಅವನು ಅಂಜುತ್ತಲೇ 'ಜಾಹೀರಾತು ಜರಡಿ'ಯನ್ನು ಅಳವಡಿಸಿದ; ಮಾರಾಟದ ಧಾಟಿಯ ಮಾತು ಬಂದರೆ ಅದು ದನಿ ಅಡಗಿಸುತ್ತದೆ. ಅವಳಿಂದ ಹತ್ತು ವಾಕ್ಯ ಆಡಿಸಿ, ಎರಡೆರಡು ಸಲ ಪರೀಕ್ಷಿಸಿ ಕಳಿಸಿದ.

ನಾಲ್ಕನೆಯ ದಿನ ಫಕೀರವ್ವ ರೊಟ್ಟಿ ತುಂಬಿದ ಬುಟ್ಟಿಯೊಡನೆ ಬಂದಳು.

"ಮಾತು ಚಲೋ ಬರತಾವ. ಓಣ್ಯಾಗ ನಿಂತು ಕೂಗಿದ್ರ ಮಾತ್ರ ಬರೀ ಗಾಳಿ. ನೋಡಿಲ್ಲಿ." ಬಾಯಿ ಅಗಲವಾಗಿ ತೆರೆಯಿತು, ಕೊರಳ ನರ ಉಬ್ಬಿತು. ಸದ್ದಿಲ್ಲ.

ಶಾಂತವೀರ ಜರಡಿಯ ದಾಖಲೆ ತೆರೆದು ನೋಡಿದ. "ನಿಮ್ಮ ಕೂಗೂ ಈ ಜರಡಿಗೆ ಜಾಹೀರಾತೇ ಅವ್ವಾರ. ಎರಡೂ ನಿಮ್ಮ ದನಿನ. ಬ್ಯಾರೆ ಮಾಡಾಕ ಅದಕ್ಕ ಬರೂದಿಲ್ಲ. ಏನು ಉದ್ಯೋಗ ಮಾಡತೀರಿ ಅಂತ ನಾನು ಕೇಳಬೇಕಿತ್ತು."

"ಕೇಳಲಿಲ್ಲ ನೀ. ಆತು, ತಗದ ಹಾಕು ಅದನ್ನ. ನನ್ನ ಗಂಟಲು ಹಾಸಿಗಿ ಮಾರಿದ್ರ ಮಾರಲಿ. ರೊಟ್ಟಿ ಮಾರಲಿಲ್ಲಂದ್ರ ನಾ ಉಣ್ಣೂದೇನು?"

ಅವನು ಜರಡಿ ತೆಗೆದ. ಅವಳು ಹೊರಗೆ ಹೋಗಿ ಬುಟ್ಟಿಯನ್ನು ತಲೆಗೇರಿಸಿದಳು.

"ಜ್ವಾಳದ ರೊಟ್ಟೀ... ಬಿಸಿ ರೊಟ್ಟೀ..."

ಎದುರುಮನೆಯ ಮಹಡಿಯ ಕಿಟಕಿ ತೆರೆಯಿತು. ಶಾಂತವೀರ ನೆಮ್ಮದಿಯ ಉಸಿರುಬಿಟ್ಟ. ಅಷ್ಟರಲ್ಲಿ ಅದೇ ದನಿ, ಅದೇ ರಾಗದಲ್ಲಿ ಎಳೆಯಿತು: "ಓಣಿಯ ರೊಟ್ಟಿ ಏಕೆ? ರುಚಿಧಾಮ ಪ್ಯಾಕೆಟ್ ರೊಟ್ಟಿ, ಅರ್ಧ ಬೆಲೆಗೆ, ನಿಮ್ಮ ಮನೆ ಬಾಗಿಲಿಗೇ!"

ಫಕೀರವ್ವ ಎರಡೂ ಕೈಯಿಂದ ಕೊರಳು ಮುಚ್ಚಿಕೊಂಡಳು. ಬುಟ್ಟಿ ಉರುಳಿತು. ಬೆರಳ ಸಂದಿಯಿಂದ ದನಿ ಫೋನ್ ನಂಬರು ಹೇಳುತ್ತಲೇ ಇತ್ತು. ಕಿಟಕಿಯಲ್ಲಿದ್ದ ಹೆಂಗಸು ಅದನ್ನು ಬರೆದುಕೊಳ್ಳುತ್ತಿದ್ದಳು.