ಮೂರನೆಯ ತಂತಿ ಇಳಿಸಿದವರು ಯಾರು?

"ಲ್ಯೂಟ್ ಪುಸ್ತಕ ಇಲ್ಲ!" ಎಂದು ಗಿಟಾರ್ ಮೇಷ್ಟ್ರು ಕೂಗಿದ್ದು ಮಧ್ಯಾಹ್ನ ಎರಡು ಗಂಟೆಗೆ. ಎರಡೂವರೆಗೆಲ್ಲ ಕದ್ದವರು ಯಾರೆಂದು ಪ್ರಾಂಶುಪಾಲರು ತೀರ್ಮಾನಿಸಿಯೂ ಆಗಿತ್ತು. ಮೂರಕ್ಕೆ ಆ ತೀರ್ಮಾನವನ್ನು ಸಂಗೀತ ಶಾಲೆಯ ಟೈಪಿಸ್ಟ್ ತನ್ನ ಕೈಯಾರೆ ಟೈಪು ಮಾಡಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿಕೊಂಡು ಗಿಟಾರ್ ಕಲಿಯುತ್ತಿದ್ದ ಹುಡುಗಿಯನ್ನು ಇಂದಿನಿಂದಲೇ ಶಾಲೆಯಿಂದ ತೆಗೆದುಹಾಕಲಾಗಿದೆ ಎಂಬ ಪತ್ರ ಅದು. ಕಳೆದ ಪುಸ್ತಕ ಯುರೋಪಿನ ಹಳೆಯ ತಂತಿವಾದ್ಯವಾದ ಲ್ಯೂಟಿನದು, ಅದರ ಸಂಗೀತವನ್ನು ಗಿಟಾರ್ ಮೇಲೆ ಕಲಿಸಲು ಮೇಷ್ಟ್ರು ಎರವಲು ತಂದದ್ದು. ಐದು ಗಂಟೆಗೆ ಪುಸ್ತಕದ ಒಡೆಯರಾದ ಗ್ರಂಥಾಲಯದವರು ಬರುವವರಿದ್ದರು. ಅಷ್ಟರೊಳಗೆ ಪುಸ್ತಕ ಸಿಗದಿದ್ದರೆ ಪತ್ರಕ್ಕೆ ಸಹಿ ಬೀಳುತ್ತಿತ್ತು.

ಟೈಪಿಸ್ಟ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದಳು, ಬಂದಳು, ಗಡಿಯಾರ ನೋಡಿದಳು. ನರ್ಸ್ ಕೈಗೆ ಪುಸ್ತಕವಿದ್ದ ಬೀರುವಿನ ಕೀಲಿ ಕೊಟ್ಟವಳು ತಾನೇ. ಆ ಹುಡುಗಿ ನಾಳೆ ಸಂಗೀತ ಕಚೇರಿಯಲ್ಲಿ ನುಡಿಸಬೇಕಿತ್ತು. ಆಸ್ಪತ್ರೆಯ ಕೆಲಸವೆಂದು ಅವಳು ಉಳಿದ ಗಿಟಾರಿನವರ ಹಾಗೆ ಮೀಟಲು ಉಗುರು ಬೆಳೆಸುವಂತಿರಲಿಲ್ಲ. ಆ ಬೋಳು ಬೆರಳಿನ ಮೆತ್ತನೆಯ ನಾದ ಕೇಳಿಯೇ ಮೇಷ್ಟ್ರು, "ಹಳೇ ಕಾಲದ ಲ್ಯೂಟಿನವರಲ್ಲಿ ಬಹಳ ಜನ ಹೀಗೇ ನುಡಿಸ್ತಿದ್ರಮ್ಮ" ಎಂದು ಅವಳನ್ನು ತಮ್ಮ ತರಗತಿಗೆ ಸೇರಿಸಿಕೊಂಡಿದ್ದರು. ಅಂಥವಳು ಕಳ್ಳಿಯಾಗಿ ಹೊರಬೀಳುವುದೇ? ಟೈಪಿಸ್ಟ್ ಮಹಡಿಯ ಮೆಟ್ಟಿಲು ಹತ್ತಿದಳು.

ಮೇಲಿನ ಪುಟ್ಟ ಕೋಣೆಯಲ್ಲಿ ಕಿವಿಯಜ್ಜಿ ಇದ್ದಳು. ಶಾಲೆಯ ಹನ್ನೊಂದು ಪಿಯಾನೋಗಳ ಶ್ರುತಿ ನೋಡಿಕೊಳ್ಳುವುದು ಅವಳ ಕೆಲಸ. ಶಾಲೆಯಲ್ಲಿ ಕಳೆದದ್ದು, ಮುರಿದದ್ದು, ಮುಚ್ಚಿಟ್ಟದ್ದನ್ನೆಲ್ಲ ಪತ್ತೆ ಹಚ್ಚುವುದು ಅವಳ ಚಟ. ಹೋದ ವರ್ಷ ವಯಲಿನ್ ಕದ್ದವನನ್ನು ಅವನ ಕೆಮ್ಮಿನಿಂದಲೇ ಹಿಡಿದಿದ್ದಳು. ಆ ದಿನ ಜೊತೆಗಿದ್ದವಳೂ ಈ ಟೈಪಿಸ್ಟೇ.

"ಉಸಿರು ಬಿಡೇ ಮೊದಲು. ಒಂದೊಂದಾಗಿ ಹೇಳು," ಎಂದಳು ಅಜ್ಜಿ.

"ಹನ್ನೆರಡಕ್ಕೆ ಕ್ಲಾಸ್ ಮುಗೀತು ಅಜ್ಜಿ. ನೋಟ್ಸ್ ಇಡೋಕೆ ಅಂತ ನರ್ಸ್ ಬೀರು ಕೀಲಿ ಕೇಳಿದ್ಲು, ಕೊಟ್ಟೆ. ಹತ್ತು ನಿಮಿಷಕ್ಕೆ ವಾಪಸ್ ತಂದ್ಲು, ಮೊಳೆಗೆ ಹಾಕಿದೆ. ಒಂದು ಗಂಟೆಗೆ ಊಟಕ್ಕೆ ಹಿಂದಿನ ಕೋಣೆಗೆ ಹೋದೆ. ಕೀಲಿ ಮೊಳೆಯಲ್ಲೇ ಬಿಟ್ಟು ಹೋದೆ, ನನ್ನ ಬುದ್ಧಿಗಿಷ್ಟು!"

"ಆಗ ಯಾರ್ಯಾರಿದ್ರು?"

"ಮೇಷ್ಟ್ರು ಹೊರಗೆ ಹೋಗಿದ್ರು. ನರ್ಸ್, ಆಮೇಲೆ ಅವಳ ಜೊತೆ ಕಲಿಯೋ ಹಲ್ಲಿನ ಡಾಕ್ಟ್ರು. ಪ್ರಾಂಶುಪಾಲರು ಅವರ ರೂಮಲ್ಲಿ. ಅಷ್ಟೇ."

"ಏನಾದ್ರೂ ಕೇಳಿಸ್ತಾ?"

"ಕ್ಲಾಸ್ ರೂಮಲ್ಲಿ ಯಾರೋ ಗಿಟಾರ್ ಕೆರೀತಿದ್ರು. ತಾಳ ಇಲ್ಲ, ಮೇಳ ಇಲ್ಲ. ಯಾರೋ ಹೊಸಬರು ಅಂದ್ಕೊಂಡೆ."

ಅಜ್ಜಿ ಚಪ್ಪಲಿ ಮೆಟ್ಟಿದಳು.

ತರಗತಿಯ ಕೋಣೆಯಲ್ಲಿ ಪ್ರಾಂಶುಪಾಲರು ಬಾಲ ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ತಿರುಗುತ್ತಿದ್ದರು. ಮೇಷ್ಟ್ರು ತೆರೆದ ಬೀರುವಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಇದೇ ಮೇಷ್ಟ್ರು ಒಂದು ಕಾಲಕ್ಕೆ ಪ್ರಾಂಶುಪಾಲರ ಶಿಷ್ಯ.

"ಈ ಕ್ಲಾಸೇ ಬೇಡ ಅಂದೆ ನಾನು," ಎಂದರು ಪ್ರಾಂಶುಪಾಲರು. "ನಾನೂ ಹರೆಯದಲ್ಲಿ ಲ್ಯೂಟ್ ಸಂಗೀತ ನುಡಿಸಿದವನೇ. ಒಂದು ತಂತಿಯ ಶ್ರುತಿ ಇಳಿಸಿದ್ರೆ ಗಿಟಾರೇ ಲ್ಯೂಟು. ಅದಕ್ಕೊಂದು ಕ್ಲಾಸು, ಅದಕ್ಕೊಂದು ಪುಸ್ತಕ, ಈಗ ಅದಕ್ಕೊಬ್ಬ ಕಳ್ಳಿ!"

ಅಜ್ಜಿ ಗೋಡೆಗೆ ತೂಗುಹಾಕಿದ್ದ ನಾಲ್ಕು ಗಿಟಾರುಗಳ ಬಳಿ ಹೋಗಿ ಒಂದೊಂದರ ತಂತಿಗಳನ್ನೂ ಮೀಟಿದಳು. ಮೂರನೆಯ ಗಿಟಾರಿನ ಬಳಿ ನಿಂತು ಮತ್ತೆ ಮೀಟಿದಳು. "ಮೇಷ್ಟ್ರೇ, ಕ್ಲಾಸ್ ಮುಗಿದ ಮೇಲೆ ಇವನ್ನ ನೋಡಿದ್ರಾ?"

"ದಿನಾ ನೋಡ್ತೀನಿ ಅಜ್ಜಿ. ಪಾಠಕ್ಕೆ ಆರನೇ ತಂತಿ ಮಾತ್ರ ಇಳಿಸಿರ್ತೀವಿ. ಮುಗಿದ ಮೇಲೆ ಏರಿಸಿ, ನಾಲ್ಕನ್ನೂ ಶ್ರುತಿ ಮಾಡಿಯೇ ತೂಗುಹಾಕೋದು."

"ಇದರ ಮೂರನೇ ತಂತಿ ಅರ್ಧ ಸ್ವರ ಇಳಿದಿದೆ."

"ತಂತಿ ಅಂದ್ಮೇಲೆ ಇಳಿಯುತ್ತೆ," ಎಂದು ಪ್ರಾಂಶುಪಾಲರು ಗಡಿಯಾರ ನೋಡಿದರು.

ಹೊರಗಿನ ಬೆಂಚಿನ ಮೇಲೆ ನರ್ಸ್ ಅತ್ತು ಕೆಂಪಾದ ಕಣ್ಣಿನಲ್ಲಿ ಕುಳಿತಿದ್ದಳು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರು ಮೊದಲ ದಿನ ಏನು ಹೇಳಿಕೊಟ್ರಮ್ಮ?"

"ಇದೆಂಥ ಪ್ರಶ್ನೆ ಅಜ್ಜಿ?" ನರ್ಸ್ ಮೂಗು ಒರೆಸಿಕೊಂಡಳು. "ಲ್ಯೂಟ್‌ನವರು ಆರು ಗೆರೆ ಎಳೆದು, ಯಾವ ತಂತಿನ ಎಷ್ಟನೇ ಫ್ರೆಟ್ ಪಟ್ಟಿ ಹತ್ರ ಒತ್ತಬೇಕು ಅಂತ ಅಕ್ಷರದಲ್ಲಿ ಬರೀತಾರೆ. ಆದ್ರೆ ಬರೋಕ್ ಅಂದ್ರೆ ಮುನ್ನೂರು ವರ್ಷ ಹಿಂದಿನ ಕಾಲದ ಲ್ಯೂಟ್ ಬೇರೆ, ಅದಕ್ಕಿಂತ ಹಿಂದಿನ ಲ್ಯೂಟ್ ಬೇರೆ. ಶ್ರುತಿ ಕಟ್ಟೋ ಕ್ರಮವೇ ಬೇರೆ. ನಮ್ಮ ಪುಸ್ತಕ ಬರೋಕಿಂದು. ಅದರ ಅಕ್ಷರ ನೋಡಿ ನೇರವಾಗಿ ಗಿಟಾರ್ ಮೇಲೆ ಬೆರಳಿಟ್ರೆ ಬರೀ ಗದ್ದಲ. ಮೊದಲು ಗಿಟಾರಿಗೆ ಅಂತ ಹೊಸದಾಗಿ ಬರ್ಕೋಬೇಕು. ಇದು ಡಾಕ್ಟ್ರಿಗೂ ಗೊತ್ತು, ನಾವಿಬ್ರೂ ಒಟ್ಟಿಗೇ ಕಲಿತಿದ್ದು."

ಅಜ್ಜಿ ಅವಳ ಕೆನ್ನೆ ತಟ್ಟಿ, "ಎಲ್ಲರನ್ನೂ ಕರಿ," ಎಂದು ಟೈಪಿಸ್ಟ್‌ಗೆ ಹೇಳಿದಳು.

ನಾಲ್ಕೂವರೆಗೆ ಎಲ್ಲರೂ ಸೇರಿದರು. ಹಲ್ಲಿನ ಡಾಕ್ಟರು ಕ್ಲಿನಿಕ್‌ನಿಂದ ಓಡಿಬಂದು ಏದುಸಿರು ಬಿಡುತ್ತಿದ್ದರು. ಪುಸ್ತಕ ಮಾರುತ್ತೀರಾ ಎಂದು ಗ್ರಂಥಾಲಯದವರನ್ನು ಅವರು ಒಮ್ಮೆ ಕೇಳಿದ್ದರು. ಹಾಗಾಗಿ ಟೈಪಿಸ್ಟ್‌ಗೆ ಅವರ ಮೇಲೇ ಕಣ್ಣು.

"ಒಂದರಿಂದ ಎರಡರೊಳಗೆ ಈ ಕೋಣೆಯಲ್ಲಿ ಒಬ್ರು ಗಿಟಾರ್ ನುಡಿಸಿದ್ದಾರೆ," ಎಂದು ಅಜ್ಜಿ ಶುರುಮಾಡಿದಳು. "ತಾನಾಗಿ ಸಡಿಲವಾದ ತಂತಿ ಲೆಕ್ಕ ಹಾಕಿದ ಹಾಗೆ ಸರಿಯಾಗಿ ಅರ್ಧ ಸ್ವರಕ್ಕೇ ನಿಲ್ಲಲ್ಲ, ಉಳಿದ ಐದು ತಂತಿ ಹಾಗೇ ಇರುವಾಗ. ಬೇಕಂತಲೇ ಇಳಿಸಿದ್ದು. ಯಾಕೆ ಇಳಿಸಿದ್ರು? ಮೂರನೇದನ್ನ ಅಷ್ಟು ಇಳಿಸಿದ್ರೆ ಹಿಂದಿನ ಕಾಲದ ಲ್ಯೂಟಿನ ಅಕ್ಷರ ಗಿಟಾರ್ ಮೇಲೆ ನೇರವಾಗಿ ಓದಬಹುದು. ಹೌದಾ ಮೇಷ್ಟ್ರೇ?"

"ಹೌದು. ಹಳೇ ಉಪಾಯ."

"ಲ್ಯೂಟಿನ ಅಕ್ಷರ ಇರೋ ಪುಸ್ತಕ ಈ ಕೋಣೆಯಲ್ಲಿ ಒಂದೇ. ಅಂದ್ರೆ ಅದನ್ನ ಬೀರುವಿಂದ ತೆಗೆದವರೇ ತಂತಿ ಇಳಿಸಿದವರು. ಆದ್ರೆ ಅದು ಬರೋಕ್ ಪುಸ್ತಕ, ಈ ಉಪಾಯ ನಡೆಯಲ್ಲ. ಅದಕ್ಕೇ ನಮ್ಮ ಟೈಪಿಸ್ಟ್‌ಗೆ ಊಟದ ಹೊತ್ತಲ್ಲಿ ಕೆರೆದ ಸದ್ದು ಕೇಳಿಸಿದ್ದು. ನರ್ಸ್ ಈ ತಪ್ಪು ಮಾಡ್ತಾಳಾ? ಮೊದಲ ದಿನವೇ ಕಲಿತವಳು. ಡಾಕ್ಟ್ರು? ಅವರೂ ಅಷ್ಟೇ. ಮೇಷ್ಟ್ರು ಮಾಡೋ ಮಾತೇ ಇಲ್ಲ. ಈ ಟೈಪಿಸ್ಟ್‌ಗೆ ಗಿಟಾರಿಗೆಷ್ಟು ತಂತಿ ಅಂತಲೂ ಗೊತ್ತಿಲ್ಲ."

"ಆರು," ಎಂದಳು ಟೈಪಿಸ್ಟ್ ರೇಗಿ.

"ಬದುಕಿದೆ. ಉಳಿದವರು ಒಬ್ರೇ. ಹರೆಯದಲ್ಲಿ ಆ ಹಳೇ ಉಪಾಯ ಕಲಿತು, ಈ ಕ್ಲಾಸಿನ ಬಾಗಿಲಿಗೆ ಒಂದು ದಿನವೂ ಕಾಲಿಡದವರು. ಒಂದು ತಂತಿ ಇಳಿಸಿದ್ರೆ ಗಿಟಾರೇ ಲ್ಯೂಟು ಅಂತ ಇವತ್ತೂ ನಂಬಿರೋರು." ಅಜ್ಜಿ ದನಿ ತಗ್ಗಿಸಿದಳು. "ಪುಸ್ತಕ ತಗೊಂಡು ಬನ್ನಿ ಸಾರ್. ಗ್ರಂಥಾಲಯದವರು ಬರೋ ಹೊತ್ತಾಯ್ತು."

ಪ್ರಾಂಶುಪಾಲರ ಓಡಾಟ ನಿಂತಿತು. ಅವರು ತಮ್ಮ ಕೋಣೆಗೆ ಹೋಗಿ, ಕೋಟಿನಲ್ಲಿ ಸುತ್ತಿಟ್ಟಿದ್ದ ಅಗಲವಾದ ಹಳೆಯ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು.

"ಕದಿಯೋಕೆ ತೆಗೆದಿದ್ದಲ್ಲ," ಎಂದರು. "ಒಂದು ಸಲ ನುಡಿಸಿ ನೋಡೋಣ ಅಂತ. ನುಡಿಸಿದ್ರೆ ಬರೀ ಗದ್ದಲ. ನನಗೇ ಮರೆತುಹೋಯ್ತೇನೋ ಅಂತ ರೂಮಿಗೆ ಒಯ್ದು ಕೂತೆ. ಅಷ್ಟರಲ್ಲಿ ಇವನು ಕೂಗಿಕೊಂಡ. ಮೂವತ್ತು ವರ್ಷ ಗಿಟಾರ್ ಕಲಿಸಿದವನು, ಓದೋಕೆ ಬರಲಿಲ್ಲ ಅಂತ ಹೇಗೆ ಹೇಳಲಿ?"

"ಕೇಳಿದ್ರೆ ಹೇಳಿಕೊಡ್ತಿದ್ದೆನಲ್ಲಾ ಸಾರ್," ಎಂದರು ಮೇಷ್ಟ್ರು.

"ನಿನ್ನ ಹತ್ರ ಕೇಳೋದಾ?" ಎಂದರು ಪ್ರಾಂಶುಪಾಲರು.

ಟೈಪಿಸ್ಟ್‌ಗೆ ಮೈಯೆಲ್ಲ ಉರಿಯಿತು. ಒಬ್ಬರ ನಾಚಿಕೆ ಮುಚ್ಚಲು ಇನ್ನೊಬ್ಬಳ ಮುಖಕ್ಕೆ ಮಸಿ! ಅವಳು ಆ ಪತ್ರವನ್ನು ಎಲ್ಲರೆದುರಿಗೇ ಹರಿದಳು, ಸಾಲದೆಂದು ಮತ್ತೂ ಹರಿದಳು. ಯಾರೂ ಬೇಡವೆನ್ನಲಿಲ್ಲ.

"ಬಾಮ್ಮ," ಎಂದು ಮೇಷ್ಟ್ರು ನರ್ಸ್‌ನ ಕಡೆ ತಿರುಗಿದರು. "ನಾಳೆ ನುಡಿಸೋದನ್ನ ಈಗೊಮ್ಮೆ ನುಡಿಸು. ಎಲ್ಲರ ಮನಸ್ಸೂ ಸ್ವಲ್ಪ ತಣ್ಣಗಾಗಲಿ."

ನರ್ಸ್ ಎದ್ದು ಗೋಡೆಯಿಂದ ಅದೇ ಗಿಟಾರನ್ನು ಇಳಿಸಿಕೊಂಡಳು. ಮೂರನೆಯ ತಂತಿಯನ್ನು ಒಮ್ಮೆ ಮೀಟಿ, ಗಿಟಾರನ್ನು ಪ್ರಾಂಶುಪಾಲರ ಮುಂದೆ ಹಿಡಿದಳು.

"ಇದನ್ನ ಇಳಿಸಿದ್ದು ನೀವು ಸಾರ್. ನೀವೇ ಏರಿಸಿ ಕೊಡಿ. ಆಮೇಲೆ ನುಡಿಸ್ತೀನಿ."

ಪ್ರಾಂಶುಪಾಲರು ಅವಳ ಮುಖ ನೋಡಿದರು, ನೆಲ ನೋಡಿದರು. ಆಮೇಲೆ ವಿದ್ಯಾರ್ಥಿಗಳ ಗಿಡ್ಡ ಕುರ್ಚಿಯಲ್ಲಿ ಕುಳಿತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಿರಡೆ ತಿರುಗಿಸಿದರು.

"ಇನ್ನೂ ಸ್ವಲ್ಪ," ಎಂದಳು ಕಿವಿಯಜ್ಜಿ, ಕಣ್ಣು ಮುಚ್ಚಿಕೊಂಡು.

ಅವರು ಮತ್ತೆ ತಿರುಗಿಸಿ ಮೀಟಿದರು.

"ಇನ್ನೊಂದು ಚೂರು, ಸಾರ್."

ಹೊರಗೆ ಗ್ರಂಥಾಲಯದವರ ಕಾರು ನಿಂತ ಸದ್ದಾಯಿತು. ಯಾರೂ ಅತ್ತ ತಿರುಗಲಿಲ್ಲ.

"ಸಾಕು," ಎಂದಳು ಅಜ್ಜಿ.

ನರ್ಸ್ ಗಿಟಾರ್ ತೆಗೆದುಕೊಂಡಳು. ಮೂರು ಗಂಟೆಯಿಂದ ನಿಂತೇ ಇದ್ದ ಟೈಪಿಸ್ಟ್ ಒಂದು ಕುರ್ಚಿ ಎಳೆದುಕೊಂಡು ಕುಳಿತಳು.