ಒಂಟೆಯ ಡುಬ್ಬ

"ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲ..."

ಸೋಮವಾರ ಮಕ್ಕಳ ರಜೆ ಶಿಬಿರದ ಬಾಗಿಲಲ್ಲಿ, ಮಗಳನ್ನು ಬಿಡಲು ಬಂದಿದ್ದ ಅವನು ಹಾಗೆಂದಾಗ ಅವಳ ಎದೆ ಧಸಕ್ಕೆನ್ನಬೇಕಿತ್ತು. ಕತೆಗಳಲ್ಲಿ ಹಾಗೇ ಆಗುತ್ತದೆ. ಇವಳಿಗೆ ಏನೂ ಆಗಲಿಲ್ಲ. ಕಟ್ಟಿಕೊಂಡ ಗಂಡ ಐದು ತಿಂಗಳ ಮೇಲೆ ಎದುರಿಗೆ ನಿಂತಿದ್ದಾನೆ, ಇವಳ ಕಣ್ಣಿಗೆ ಬಿದ್ದದ್ದು ಅವನ ಶರ್ಟಿನ ಕಾಲರಿನಲ್ಲಿ ಬಿಟ್ಟುಕೊಂಡ ಹೊಲಿಗೆ.

ಆ ಕಣ್ಣಿಗೆ ಅದೇ ಅಭ್ಯಾಸ, ಏನು ಮಾಡುವುದು. ಗಾರ್ಮೆಂಟ್ಸ್‌ನಲ್ಲಿ ಅವಳು ಚೆಕ್ಕರ್. ದಿನವಿಡೀ ಅಂಗಿಗಳನ್ನು ತಿರುಗಿಸಿ ಮುರುಗಿಸಿ ನೋಡುವುದು, ಹೊಲಿಗೆ ಸೊಟ್ಟಗಿದ್ದರೆ ಬಿಚ್ಚಿ ಹಾಕುವುದು. ಹನ್ನೊಂದು ವರ್ಷದಿಂದ ಅದೇ ಕೆಲಸ.

"ಗುಂಡಿ ಬರಲೇಬೇಕು ಅಂದ್ಳು," ಎಂದಳು.

ಗುಂಡಿ ಅವರ ಮಗಳು. ಎಂಟು ವರ್ಷ, ಕೋಟಿನ ಗುಂಡಿಯಷ್ಟು ದುಂಡು ಮುಖ. ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪ ಇರುವ ದೊಡ್ಡಪ್ಪನ ಮನೆ. ಕರೆದುಕೊಂಡು ಓಡಾಡುತ್ತಿದ್ದದ್ದು ದೊಡ್ಡಮ್ಮ. ಹಾಗಾಗಿ ಗಂಡ ಹೆಂಡತಿ ಮುಖ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಜಗಳವಾಡಿ ಬೇರೆಯಾದವರಲ್ಲ ಇವರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು! ಎಂಟು ತಿಂಗಳ ಹಿಂದೆ ಎರಡನೆಯ ಮಗು ಹೊಟ್ಟೆಯಲ್ಲೇ ಹೋಯಿತು, ಏಳು ತುಂಬಿತ್ತು. ಅವಳು ಅಳಲಿಲ್ಲ. ಮೂರನೆಯ ವಾರಕ್ಕೆ ಕೆಲಸಕ್ಕೆ ಹೋದಳು. ಅವನು ಮಾತಾಡಿಸಿದರೆ ಗೋಡೆ ನೋಡಿದಳು. ಮೂರು ತಿಂಗಳು ನೋಡಿ ನೋಡಿ ಅವನು ಬಟ್ಟೆ ತುಂಬಿಕೊಂಡು ಅಣ್ಣನ ಮನೆಗೆ ಹೊರಟ. ಅವಳು ಉಸಿರೆತ್ತಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು," ಎಂದ ಅವನು. ಲಿಫ್ಟ್ ಮೆಕ್ಯಾನಿಕ್ಕು. ಎಷ್ಟು ತೊಳೆದರೂ ಉಗುರಿನಲ್ಲಿ ಗ್ರೀಸು. "ಬೇರೆ ಊರಿನ ಬ್ರಾಂಚಿಗೆ ಕರೀತಿದಾರೆ. ಮೂರು ವರ್ಷಕ್ಕೆ. ಶುಕ್ರವಾರದೊಳಗೆ ಹೇಳ್ಬೇಕಂತೆ... ಹೋಗ್ಲಾ?"

'ಬೇಡ' ಎಂಬ ಎರಡಕ್ಷರ ಗಂಟಲಿನವರೆಗೂ ಬಂದಿತ್ತೋ ಏನೋ. ಹೊರಬಿದ್ದದ್ದು ಬೇರೆ.

"ನಿನ್ನಿಷ್ಟ."

ಅವನು ತಲೆಯಾಡಿಸಿ ಹೊರಟುಹೋದ.

ಶಿಬಿರ ಐದು ದಿನದ್ದು. ಪ್ರತಿ ಮಗುವೂ ಬಟ್ಟೆಯಲ್ಲಿ ಒಂದು ಪ್ರಾಣಿ ಮಾಡಬೇಕು. ಕೊನೆಯ ಒಂದು ಗಂಟೆ ಮನೆಯವರು ಪಕ್ಕದಲ್ಲಿ ಕೂತು ಸಹಾಯ ಮಾಡಬಹುದು. ಗೊಂಬೆ ಮಾತ್ರ ಅಲ್ಲೇ ಕಪಾಟಿನಲ್ಲಿ ಇರಬೇಕು. ಸೋಮವಾರ, ಬುಧವಾರ ಅಮ್ಮ. ಮಂಗಳವಾರ, ಗುರುವಾರ ಅಪ್ಪ. ಶುಕ್ರವಾರದ ಪ್ರದರ್ಶನಕ್ಕೆ ಇಬ್ಬರೂ ಎಂದು ಗುಂಡಿಯೇ ಹಂಚಿಬಿಟ್ಟಿದ್ದಳು.

"ನಂದು ಒಂಟೆ," ಎಂದು ಸಾರಿದಳು.

"ಎಲ್ರೂ ಮೊಲ ಮಾಡ್ತಿದಾರಲ್ಲೇ?"

"ಅದಕ್ಕೇ ಒಂಟೆ."

ಬುಧವಾರ ಅವಳು ಬಂದಾಗ ಗುಂಡಿ ಮೂಲೆಯ ಮೇಜಿನಲ್ಲಿ ಬಾಲಕ್ಕೆ ಉಲ್ಲನ್ ಹೆಣೆಯುತ್ತಿದ್ದಳು. ಈಚೆಯ ಮೇಜಿನ ಮೇಲೆ ಒಂಟೆ ಒಂದೇ ಕೂತಿತ್ತು. ಮೈಗೆ ಡುಬ್ಬ ಬಂದಿತ್ತು. ಆದರೆ ಆ ಹೊಲಿಗೆಯೋ... ದೇವರಿಗೇ ಪ್ರೀತಿ! ಒಂದು ಹೊಲಿಗೆ ಬೆರಳುದ್ದ, ಇನ್ನೊಂದು ಅಕ್ಕಿ ಕಾಳಷ್ಟು, ನಡುವೆ ಎರಡು ಗಂಟು.

ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೈ ತಾನಾಗಿ ಚೀಲಕ್ಕೆ ಹೋಯಿತು, ಬಿಚ್ಚುಗತ್ತರಿ ತೆಗೆಯಿತು. ಎರಡು ನಿಮಿಷದಲ್ಲಿ ಡುಬ್ಬ ಮೇಜಿನ ಮೇಲಿತ್ತು. ಇನ್ನು ಹತ್ತು ನಿಮಿಷದಲ್ಲಿ ಹೊಲಿಗೆಯೇ ಕಾಣದಂತೆ ಮತ್ತೆ ಬೆನ್ನಿಗೆ ಕೂತಿತು.

"ಅಮ್ಮ... ಅದನ್ಯಾಕೆ ಬಿಚ್ಚಿದೆ?" ಗುಂಡಿ ಬಂದು ನಿಂತಿದ್ದಳು.

"ಸೊಟ್ಟಗಿತ್ತು."

ಗುಂಡಿ ಬಾಯಿ ತೆರೆದಳು, ಮುಚ್ಚಿದಳು. ಎರಡು ಮನೆಗಳ ನಡುವೆ ಓಡಾಡಿ ಓಡಾಡಿ ಯಾವುದನ್ನು ಎಲ್ಲಿ ಹೇಳಬಾರದೆಂದು ಆ ಮಗು ಕಲಿತುಬಿಟ್ಟಿತ್ತು. ಮಗಳ ಮುಖ ಬಾಡಿದ್ದು ಅವಳಿಗೆ ಕಂಡಿತು. ಯಾಕೆಂದು ಕೇಳಬೇಕು ಅಂದುಕೊಂಡಳು... ಕೇಳಲಿಲ್ಲ.

ಶುಕ್ರವಾರ ಹಾಲ್ ತುಂಬ ಮೊಲಗಳು, ನಡುವೆ ಒಂದು ಒಂಟೆ. ಕನ್ನಡಕದ ಕ್ರಾಫ್ಟ್ ಟೀಚರ್ ಅದನ್ನೆತ್ತಿ ಬೆನ್ನು ಸವರಿದರು.

"ಕೆಲಸ ಅಚ್ಚುಕಟ್ಟಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಮೊದ್ಲಿದ್ದಿದ್ದನ್ನ ಬಿಚ್ಚಬಾರದಿತ್ತಮ್ಮ ನೀವು."

"ಗುಂಡಿ ಹೊಲಿದಿದ್ದು ತೀರಾ..."

"ಗುಂಡಿ ಎಲ್ಲಿ ಹೊಲಿದ್ಳು? ನಿಮ್ಮ ಯಜಮಾನ್ರು ಹೊಲಿದಿದ್ದು. ಮಂಗಳವಾರ ನಾನು ಬೀಗ ಹಾಕೋ ತನಕ ಕೂತಿದ್ರು. ಸೂಜಿ ಹಿಡಿಯೋಕೆ ಬರಲ್ಲ, ಬೆರಳೆಲ್ಲ ಚುಚ್ಚಿಸ್ಕೊಂಡ್ರು ಪಾಪ. 'ಅವಳು ಬಂದು ನೋಡ್ತಾಳೆ, ಚೆನ್ನಾಗಿರ್ಬೇಕು' ಅಂತಿದ್ರು. ನಿನ್ನೆ ಬಂದು ನೋಡಿದವ್ರು ಒಂದು ಮಾತೂ ಆಡ್ಲಿಲ್ಲ."

ಅವಳಿಗೆ ನೋವಾಯಿತು.

ಎಂಟು ತಿಂಗಳಲ್ಲಿ ಮೊದಲ ಸಲ. ಎದೆಯ ಎಡಗಡೆ, ಥಟ್ಟನೆ. 'ಅಯ್ಯೋ, ನಾನೇ ಬಿಚ್ಚಿ ಎಸೆದೆನಾ?'

ಅವನು ಹೊರಗೆ ಕಾರಿಡಾರಿನಲ್ಲಿ ಮಕ್ಕಳ ಕುಳ್ಳ ಬೆಂಚಿನ ಮೇಲೆ ಕೂತಿದ್ದ, ಮೊಣಕಾಲು ಗದ್ದಕ್ಕೆ ತಾಗುವಂತೆ. ಅವಳು ಹೋಗಿ ಪಕ್ಕದಲ್ಲೇ ಕುಳಿತಳು.

"ನೀನು ಹೊಲಿದಿದ್ದು ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ದಿದ್ರೆ?"

"ಸೊಟ್ಟಗೇ ಬಿಡ್ತಿದ್ದೆ."

ಅವನು ನಗಲಿಲ್ಲ. "ನಾನು ಕೈಯಿಟ್ಟಿದ್ದು ಒಂದೂ ಬೇಡ್ವೇನೋ ನಿಂಗೆ ಅಂದ್ಕೊಂಡೆ. ಇವತ್ತು ಬೆಳಿಗ್ಗೆ ಆಫೀಸಿಗೆ ಹ್ಞೂಂ ಅಂದ್ಬಿಟ್ಟೆ."

ಒಳಗೆ ಮಕ್ಕಳ ಗಲಾಟೆ.

"ಹೋಗ್ಬೇಡ."

"ಏನಂದೆ?"

"ಹೋಗ್ಬೇಡ ಅಂದೆ. ಸೋಮವಾರಾನೇ ಹೇಳ್ಬೇಕಿತ್ತು... ನಂಗೆ ಏನೂ ಅನ್ಸ್ತಿರ್ಲಿಲ್ಲ ಕಣೋ. ಪಾಪು ಹೋದ್ಮೇಲೆ ಅಳು ಬರಲ್ಲ, ಹಸಿವಾಗಲ್ಲ. ನೀನು ಹೊರಟಾಗ್ಲೂ ಏನೂ ಆಗ್ಲಿಲ್ಲ. ಪ್ರೀತಿ ಇಲ್ಲ ಅಂತಲ್ಲ... ಇದೆ. ಎಲ್ಲೋ ಇದೆ, ಕೈಗೆ ಸಿಗ್ತಿಲ್ಲ ಅಷ್ಟೇ."

ಅವನು ಸೂಜಿ ಚುಚ್ಚಿದ ಬೆರಳನ್ನು ಉಜ್ಜಿಕೊಂಡ.

"ನನ್ ಮುಖ ನೋಡಿದ್ರೆ ನಿಂಗೆ ಪಾಪುದೇ ನೆನಪಾಗುತ್ತೇನೋ ಅಂತ ನಾನು ಹೋದೆ."

"ನಾನು ಹೋಗು ಅಂದಿದ್ನಾ?"

"ಇರು ಅಂತಲೂ ಅನ್ಲಿಲ್ವಲ್ಲ."

"ಈಗ ಅಂತಿದೀನಿ. ಇರು."

ಅವನು ಫೋನ್ ತೆಗೆದ.

"ಸಾರ್, ಬೆಳಿಗ್ಗೆ ಹೇಳಿದ್ದು... ನಾನು ಹೋಗಲ್ಲ ಸಾರ್. ಹೌದು, ನಾನೇ ಹ್ಞೂಂ ಅಂದಿದ್ದು... ಬೈರಿ ಸಾರ್, ಪರ್ವಾಗಿಲ್ಲ. ಹೆಂಡ್ತಿ ಬೇಡ ಅಂದ್ಳು. ಹ್ಞಾಂ ಸಾರ್, ಇನ್ನೊಂದ್ ಸಲ ಬೇಕಾದ್ರೂ ಬೈರಿ."

ಫೋನ್ ಇಟ್ಟು ಅವಳ ಕೈ ಹಿಡಿದುಕೊಂಡ. ಒರಟು ಕೈ. ಅದರ ಬಿಸಿ ಅವಳಿಗೆ ನಿಧಾನವಾಗಿ ತಿಳಿಯಿತು.

"ನಾನು ಸರಿಹೋಗಿಲ್ಲ ಇನ್ನೂ," ಎಂದಳು ಮೆಲ್ಲಗೆ. "ಮಾತಾಡಿಸಿದ್ರೆ ಗೋಡೆ ನೋಡ್ತೀನಿ."

"ಪಕ್ಕದಲ್ಲಿ ಕೂತು ನಾನೂ ನೋಡ್ತೀನಿ."

"ತುಂಬಾ ದಿನ ಆಗ್ಬಹುದು."

"ಆಗ್ಲಿ ಬಿಡು," ಎಂದ ಅವನು. "ಇನ್ನು ನಂಗೇನು ಬೇರೆ ಊರಲ್ಲಿ ಕೆಲಸ ಇದೆಯಾ?"