ಮೂವತ್ತು ಸಾವಿರ ಅಡಿಯ ಉಸಿರು

ಫೆಬ್ರವರಿ 11, 2025, ಮಂಗಳವಾರ. ಬೆಳಿಗ್ಗೆ 10.50ಕ್ಕೆ ಶಿವಮೊಗ್ಗ ಗ್ರಾಮಾಂತರ ಠಾಣೆಗೆ ಬಂದ ಮಲವಗೊಪ್ಪದ ಕೂಲಿ ಹೆಂಗಸು ಮಾಸ್ತಮ್ಮ, ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸ್ವಾಮಿ, ನಮ್ ಗದ್ದೇಲಿ ಒಬ್ರು ಮ್ಯಾಲಿಂದ ಇಳಿದ್ರು. ಪ್ಯಾರಾಚೂಟು. ನಿಧಾನಕ್ಕೇ ಬಂದ್ರು. ಮಾತಾಡ್ಸಿದೆ, ಕಣ್ಣು ಬಿಟ್ಕೊಂಡಿದ್ರು, ಮಾತಾಡ್ಲಿಲ್ಲ."

"ಬದುಕಿದ್ದಾರಾ?" ಎಂದು ಕೇಳಿದ ಹೆಡ್ ಕಾನ್‌ಸ್ಟೆಬಲ್ ಹಾಲಸ್ವಾಮಿ.

"ಮೀಸೆ ಮೇಲೆ ಐಸಿತ್ತು. ನಾನು ನೋಡ್ತಿದ್ದಂಗೇ ಕರಗಿ ಹೋಯ್ತು."

ಇಪ್ಪತ್ತಾರು ವರ್ಷದ ಸೇವೆಯಲ್ಲಿ ಹಾಲಸ್ವಾಮಿ ಕೆರೆಯಿಂದ, ಬಾವಿಯಿಂದ, ರೈಲು ಹಳಿಯಿಂದ ಹೆಣ ಎತ್ತಿಸಿದ್ದ. ಆಕಾಶದಿಂದ ಬಂದ ಹೆಣ ಇದೇ ಮೊದಲು. ಗದ್ದೆ ತಲುಪಿ ನೋಡಿದರೆ, ಗಾಳಿ ಬೀಸಿದಾಗಲೆಲ್ಲ ಪ್ಯಾರಾಚೂಟು ಉಬ್ಬಿ, ಸತ್ತವನ ಭುಜಗಳನ್ನು ಎಳೆದು ಅರ್ಧ ಎಬ್ಬಿಸಿ ಮತ್ತೆ ಮಲಗಿಸುತ್ತಿತ್ತು. ಹಗ್ಗ ಕತ್ತರಿಸುವವರೆಗೆ ಹಾಲಸ್ವಾಮಿ ಆ ಮುಖವನ್ನು ನೋಡಲಿಲ್ಲ. ಹೆದರಿಕೆಯಾಗಿತ್ತು, ಅಷ್ಟೆ.

ಇನ್‌ಸ್ಪೆಕ್ಟರ್ ಸುಮೇರಾ ಜನರನ್ನು ದೂರ ನಿಲ್ಲಿಸಿ, 11.30ರಿಂದ 12.50ರವರೆಗೆ ಸ್ಥಳ ಪಂಚನಾಮೆ ನಡೆಸಿದರು. ಮೃತ ವೆಂಕಟಾಚಲ, ವಯಸ್ಸು 48, ಬೆಂಗಳೂರಿನ ಒಂದು ಸ್ಕೈಡೈವಿಂಗ್ ಕ್ಲಬ್ಬಿನ ತರಬೇತುದಾರ, ಎಲ್ಲರ ಬಾಯಲ್ಲಿ 'ಕ್ಯಾಪ್ಟನ್'. ಉಸಿರಾಟದ ಮಾಸ್ಕನ್ನು ಮುಖದಿಂದ ಕಿತ್ತು, ಎರಡೂ ಕೈಯಲ್ಲಿ ಹಿಡಿದಿದ್ದ. ಬೆರಳು ಬಿಡಿಸಲು ಇಬ್ಬರು ಬೇಕಾದರು.

ಸೋಗಾನೆಯ ವಿಮಾನ ನಿಲ್ದಾಣದಿಂದ ಹಾರಿದ್ದ ಬಾಡಿಗೆ ವಿಮಾನದ ಪೈಲಟ್ ಹೇಳಿಕೆ ಕೊಟ್ಟ. ಮೂವತ್ತು ಸಾವಿರ ಅಡಿಯಲ್ಲಿ ಜಿಗಿದು, ಅಲ್ಲೇ ಪ್ಯಾರಾಚೂಟು ಬಿಚ್ಚಿ, ಇಪ್ಪತ್ತೈದು ನಿಮಿಷ ತೇಲಿ ಇಳಿಯುವುದು ಕ್ಯಾಪ್ಟನ್ನಿನ ಯೋಜನೆ. ಆ ಎತ್ತರದ ತೆಳುಗಾಳಿಯಲ್ಲಿ ಒಂದೆರಡು ನಿಮಿಷಕ್ಕೇ ಎಚ್ಚರ ತಪ್ಪುತ್ತದೆ. ವಿಮಾನದಲ್ಲಿರುವಷ್ಟು ಹೊತ್ತು ವಿಮಾನದ ಆಕ್ಸಿಜನ್. ಜಿಗಿಯುವ ಮುನ್ನ ಸೊಂಟದ ಸಣ್ಣ ಸಿಲಿಂಡರಿಗೆ ಬದಲಾಯಿಸಿಕೊಳ್ಳಬೇಕು.

"ರೇಡಿಯೋದಲ್ಲಿ ಏನಂದ್ರು?"

"'ಚೆನ್ನಾಗಿದೆ' ಅಂದ್ರು. ಆಮೇಲೆ ಉಸಿರು ಕೇಳಿಸ್ತಿತ್ತು. ಆಮೇಲೆ ಬರೀ ಗಾಳಿ ಶಬ್ದ ಮೇಡಂ. ಇಳಿಯೋವರೆಗೂ."

ಅಂದರೆ ಸತ್ತ ಮನುಷ್ಯ ಇಡೀ ಶಿವಮೊಗ್ಗದ ನೆತ್ತಿಯ ಮೇಲೆ ಒಬ್ಬನೇ ತೇಲುತ್ತಿದ್ದ. ಆ ಹೊತ್ತಿಗೆ ಹಾಲಸ್ವಾಮಿ ಠಾಣೆಯ ಹೊರಗೆ ನಿಂತು ಚಹಾ ಕುಡಿಯುತ್ತಿದ್ದ.

ಅಸಹಜ ಮರಣವೆಂದು ಪ್ರಕರಣ ದಾಖಲಾಯಿತು. ಸಿಲಿಂಡರಿನಲ್ಲಿ ಆಕ್ಸಿಜನ್ ತುಂಬಿತ್ತು. ಕವಾಟ ತಿರುಗಿಸಿದರೆ ಸೊಗಸಾಗಿ ಬರುತ್ತಿತ್ತು. ಹೆದರಿ ಮಾಸ್ಕ್ ಕಿತ್ತುಕೊಂಡಿರಬೇಕು ಎಂದರು ಕ್ಲಬ್ಬಿನವರು. ಹೋದ ವರ್ಷ, ಹಾಲಸ್ವಾಮಿ ಈ ಠಾಣೆಗೆ ಬರುವ ಮುಂಚೆ, ಕ್ಲಬ್ಬಿನ ಗುರುಪ್ರಸಾದ್ ಎಂಬ ತರುಣ ಹೀಗೇ ಸತ್ತಾಗಲೂ ಇದೇ ಮಾತು ವರದಿಯಲ್ಲಿತ್ತು. ಆ ವರದಿ ಬರೆದಿದ್ದವರು ಕ್ಯಾಪ್ಟನ್ನೇ.

ಸಂಜೆ 4.15ಕ್ಕೆ ಹಾಲಸ್ವಾಮಿ ಭದ್ರಾವತಿಯ ಜನ್ನಾಪುರಕ್ಕೆ ಹೋದ. ಸಿಲಿಂಡರ್ ತುಂಬಿದ್ದು ಅಲ್ಲಿಯ ಧರ್ಮಪ್ಪ, ಬೆಸುಗೆಯ ಗ್ಯಾಸ್ ಅಂಗಡಿಯವ, ಗುರುಪ್ರಸಾದನ ತಂದೆ. ಮಗ ಸತ್ತ ಮೇಲೂ ಕ್ಲಬ್ಬು ಅಂಗಡಿ ಬದಲಿಸಿರಲಿಲ್ಲ.

"ನಿಮ್ಮ ಕ್ಯಾಪ್ಟನ್ ಇವತ್ತು ಜಿಗಿದು ತೀರಿಕೊಂಡ್ರು."

ಧರ್ಮಪ್ಪ ಸ್ಪ್ಯಾನರ್ ಕೆಳಗಿಟ್ಟ. "ಮಾಸ್ಕ್ ಕಿತ್ಕೊಂಡಿದ್ರಾ ಸರ್?"

"ಪ್ರಶ್ನೆ ಕೇಳೋದು ನಮ್ಮ ಕೆಲಸ ಮಾರಾಯ," ಎಂದ ಹಾಲಸ್ವಾಮಿ. ಸಿಲಿಂಡರ್ ತುಂಬಿ ಕೊಟ್ಟ ರಸೀದಿಯ ನಕಲು ತೆಗೆದುಕೊಂಡು ಬಂದ.

ಠಾಣೆಯಲ್ಲಿ ಇದನ್ನು ಹೇಳಿದಾಗ ಸುಮೇರಾ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಮಾಸ್ಕಿನ ವಿಷಯ ನಮ್ಮನ್ನೂ ಕ್ಲಬ್ಬಿನವರನ್ನೂ ಬಿಟ್ಟು ಯಾರಿಗೂ ಗೊತ್ತಿಲ್ಲ ಹಾಲಸ್ವಾಮಿ. ಕ್ಯಾಪ್ಟನ್ ಸತ್ತದ್ದೇ ನೀವು ಹೇಳೋವರೆಗೆ ಧರ್ಮಪ್ಪನಿಗೆ ಗೊತ್ತಿರಲಿಲ್ಲ. ಅವರಿಗೆ ಆ ಪ್ರಶ್ನೆ ಯಾಕೆ ಹೊಳೀತು?"

ಮಗ ಹಾಗೆ ಸತ್ತಿದ್ದನಲ್ಲ, ಅದಕ್ಕೇ ಇರಬೇಕು ಎಂದ ಹಾಲಸ್ವಾಮಿ. ಇರಬಹುದು ಎಂದರು ಸುಮೇರಾ. ಆದರೂ ಸಿಲಿಂಡರನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

14ರಂದು ಪ್ರಯೋಗಾಲಯದ ನವಾಜ್, ಪಂಚರ ಎದುರು, ಕವಾಟವನ್ನೂ ಸಿಲಿಂಡರನ್ನೂ ಶೀತಪೆಟ್ಟಿಗೆಯಲ್ಲಿಟ್ಟು ಗ್ಯಾಸ್ ಬಿಟ್ಟರು. ನಾಲ್ಕು ನಿಮಿಷ ಉಸಿರಾಟದಂತೆ ಬುಸುಗುಟ್ಟಿತು. ಆಮೇಲೆ ತೆಳುವಾಯಿತು. ಆಮೇಲೆ ನಿಂತೇಹೋಯಿತು. ಹೊರಗಿಟ್ಟ ಹತ್ತು ನಿಮಿಷಕ್ಕೆ ಮತ್ತೆ ತಾನಾಗಿಯೇ ಉಸಿರಾಡತೊಡಗಿತು.

"ಒಳಗೆ ನೀರಿದೆ," ಎಂದರು ನವಾಜ್. "ಒತ್ತಡದಿಂದ ಹೊರಬರುವಾಗ ಗ್ಯಾಸೇ ತಣ್ಣಗಾಗುತ್ತೆ, ಮೇಲೆ ಮೈನಸ್ ನಲವತ್ತೈದು. ಹನಿ ನೀರು ಸಾಕು, ಕವಾಟದ ಸಣ್ಣ ಕಂಡಿ ಮುಚ್ಚಿಹೋಗುತ್ತೆ. ನೆಲಕ್ಕೆ ಬಂದ್ಮೇಲೆ ಕರಗುತ್ತೆ. ಸಾಕ್ಷಿನೂ ಕರಗುತ್ತೆ."

ಸಿಲಿಂಡರ್ ಬೋರಲು ಹಾಕಿದರು. ಅರ್ಧ ಚಮಚ ನೀರು ಬಿತ್ತು.

ಸಿಲಿಂಡರಿನ ಗಟ್ಟಿತನವನ್ನು ಒಳಗೆ ನೀರು ತುಂಬಿ ಪರೀಕ್ಷಿಸುತ್ತಾರೆ. ಆಮೇಲೆ ಬಿಸಿಗಾಳಿ ಬಿಟ್ಟು ಒಣಗಿಸಬೇಕು. ಬೆಸುಗೆ ಅಂಗಡಿಗಳಲ್ಲಿ ಅಷ್ಟೆಲ್ಲ ತಾಪತ್ರಯವಿಲ್ಲ. ರಾತ್ರಿ ತಲೆಕೆಳಗು ನಿಲ್ಲಿಸಿದರೆ ಮುಗಿಯಿತು. ಕಬ್ಬಿಣ ಬೆಸೆಯಲು ಹನಿ ನೀರು ಅಡ್ಡಿಯಿಲ್ಲ. ಈ ಸಿಲಿಂಡರಿನ ಕುತ್ತಿಗೆಯ ಮೇಲೆ ಪರೀಕ್ಷೆಯ ತಾರೀಖು ಜನವರಿಯದು. ನಿಯಮದ ಪ್ರಕಾರ ಆ ಪರೀಕ್ಷೆಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಧರ್ಮಪ್ಪ ತಾನಾಗಿ ಮಾಡಿಸಿದ್ದ.

ಬಿಎನ್‌ಎಸ್ ಕಲಂ 103ರಡಿ ಕೊಲೆಯ ಎಫ್‌ಐಆರ್ ಆಯಿತು. ಸಂಜೆ 6.05ಕ್ಕೆ ಜನ್ನಾಪುರದಲ್ಲಿ ಬಂಧನ. ಧರ್ಮಪ್ಪ ಅಂಗಡಿಗೆ ಬೀಗ ಹಾಕಿ, ಕೀಲಿಯನ್ನು ತಾನೇ ಸುಮೇರಾ ಅವರ ಕೈಗೆ ಕೊಟ್ಟ.

"ಮಗನ ಸಿಲಿಂಡರೂ ನೀವೇ ತುಂಬಿದ್ರಾ?" ಸುಮೇರಾ ಕೇಳಿದರು.

"ಹೌದು. ಕ್ಯಾಪ್ಟನ್ ಹತ್ರ ಕೇಳಿದ್ದೆ, ಇದಕ್ಕೇನಾದ್ರೂ ಬೇರೆ ಥರ ಇದೆಯಾ ಅಂತ. 'ನಿಮ್ಮ ವೆಲ್ಡಿಂಗಿಗೆ ಹೇಗೋ ಹಾಗೇ ತುಂಬಿ' ಅಂದ್ರು. ಹುಡುಗ ಹೋದ್ಮೇಲೆ ಸಿಲಿಂಡರ್ ವಾಪಸ್ ಬಂತು. ಬೋರಲು ಹಾಕಿದೆ. ನೀರು ಬಂತು. ಕ್ಯಾಪ್ಟನ್‌ಗೆ ತೋರಿಸೋಕೆ ಹೋದೆ. ನಿಮ್ ಮಗ ಪುಕ್ಕಲ, ಅದಕ್ಕೇ ಮಾಸ್ಕ್ ಕಿತ್ಕೊಂಡ ಅಂದ್ರು."

"ಅದಕ್ಕೆ ಕೊಂದ್ರಿ."

"ನಮ್ ಹುಡುಗನಿಗೆ ಹೆಂಗೆ ತುಂಬಿದ್ನೋ ಹಂಗೇ ಅವರಿಗೂ ತುಂಬಿದೆ ಮೇಡಂ. ಸಾಯ್ತಾರೆ ಅಂತ ಗೊತ್ತಿತ್ತು. ಸಾವಿರ ಸಲ ಜಿಗಿದವರು, ಭಯ ಅನ್ನೋದೇ ಇಲ್ಲದವರು. ಅವರು ಏನ್ ಮಾಡ್ತಾರೆ ನೋಡ್ಬೇಕಿತ್ತು." ಧರ್ಮಪ್ಪ ಹಾಲಸ್ವಾಮಿಯ ಕಡೆ ತಿರುಗಿದ. "ಮಾಸ್ಕ್ ಕಿತ್ಕೊಂಡಿದ್ರಾ ಅಂತ ಅವತ್ತು ನೀವು ಹೇಳ್ಲಿಲ್ಲ ಸರ್."

ಆರೋಪಿಗೆ ಸಾಕ್ಷ್ಯದ ವಿವರ ಹೇಳಬಾರದೆಂದು ಹಾಲಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು. ಸುಮೇರಾ ಕಿಟಕಿಯ ಕಡೆ ನೋಡುತ್ತಿದ್ದರು.

"ಕಿತ್ಕೊಂಡಿದ್ರು," ಎಂದ ಅವನು. "ಎರಡೂ ಕೈಯಲ್ಲಿ."

ಧರ್ಮಪ್ಪ ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದ. "ಹಂಗಾದ್ರೆ ನಮ್ ಹುಡುಗ ಹೆದರಿದ್ದಲ್ಲ. ಉಸಿರು ಸಿಗ್ಲಿಲ್ಲ, ಅಷ್ಟೇ."

ಹೇಳಿಕೆ ಓದಿ ಹೇಳಿ ಸಹಿ ಪಡೆದದ್ದು ರಾತ್ರಿ 8.20ಕ್ಕೆ. ಗುರುಪ್ರಸಾದನ ಹಳೆಯ ಫೈಲನ್ನೂ ಮತ್ತೆ ತೆರೆಯಲು ಸುಮೇರಾ ಟಿಪ್ಪಣಿ ಹಾಕಿದರು. ಲಾಕಪ್ಪಿನ ಬಾಗಿಲಲ್ಲಿ ಧರ್ಮಪ್ಪ ನಿಂತ.

"ಸರ್, ಆ ಹಳೇ ಫೈಲಲ್ಲೂ ಸಿಲಿಂಡರ್ ತುಂಬಿದವನು ಯಾರು ಅಂತ ಬರೀರಿ. ಇಷ್ಟು ದಿನ ಯಾರೂ ಕೇಳೇ ಇಲ್ಲ."

ಹಾಲಸ್ವಾಮಿ ಫೈಲು ಬಿಚ್ಚಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವನ ಹೆಸರು ಬರೆದ. ಹೆಸರಿನ ಮುಂದೆ, 'ಮೃತನ ತಂದೆ' ಎಂದು.